ಹಲ್ಲು ತೋರಿಸಲು ಹೋದಾಗ ಪೂರ್ತಿ ಬಾಯಿ ನೋಡಿ ಅಂತ ಕೇಳಬಹುದಾ?

ನಿಪ್ಪಾಣಿ_ಸೊಸೆ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು, ಹಿನ್ನೆಲೆ ಸ್ವಲ್ಪ ಉದ್ದ. ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಅತ್ತೆಗೆ ಅರವತ್ತು ದಾಟಿದೆ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಬೀಡಿ ಕಟ್ಟಿದವರು. ಈಗ ಕಣ್ಣು ಮಂಜಾದ ಮೇಲೆ ಬೀಡಿ ಬಿಟ್ಟಿದ್ದಾರೆ, ಮಿಶ್ರಿ ಬಿಟ್ಟಿಲ್ಲ. ಬೆಂಗಳೂರು, ಮೈಸೂರು ಕಡೆಯವರಿಗೆ ಮಿಶ್ರಿ ಗೊತ್ತಿರಲಿಕ್ಕಿಲ್ಲ. ತಂಬಾಕನ್ನು ತವೆಯ ಮೇಲೆ ಕಪ್ಪಾಗುವವರೆಗೆ ಹುರಿದು, ಪುಡಿ ಮಾಡಿ, ಬೆರಳಿನಿಂದ ಹಲ್ಲಿಗೂ ವಸಡಿಗೂ ತಿಕ್ಕುವುದು. ಅದಕ್ಕಂತಲೇ ಒಂದು ಹಳೇ ತವೆ ನಮ್ಮ ಹಿತ್ತಲಲ್ಲಿದೆ. ಹುರಿಯುವ ದಿನ ಪಕ್ಕದ ಮನೆಯವರೂ ಕೆಮ್ಮುತ್ತಾರೆ. ಬೆಳಗ್ಗೆ ತಿಕ್ಕಿಕೊಂಡು ಅರ್ಧ ತಾಸು ಬಾಯಲ್ಲಿ ಇಟ್ಟುಕೊಂಡು ಕೂರದಿದ್ದರೆ ಅವರಿಗೆ ಸಂಡಾಸ ಸಾಫ್ ಆಗುವುದಿಲ್ಲವಂತೆ. ಮಧ್ಯಾಹ್ನ ಊಟ ಆದ ಮೇಲೆ ಮತ್ತೆ. ರಾತ್ರಿ ಮಲಗುವ ಮುಂಚೆ ಮತ್ತೆ. ನಾನು ಏನಾದರೂ ಅಂದರೆ, "ನಾ ಏನ್ ಗುಟ್ಕಾ ತಿಂತೀನೇನ? ಮಿಶ್ರಿ ಅಂದ್ರ ಹಲ್ಲಿಗೆ ಔಷಧ" ಅನ್ನುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ಕೆಳಗಿನ ದವಡೆ ಹಲ್ಲು ಅಲುಗಾಡುತ್ತಿದೆ ಅಂತ ಅತ್ತೆಯನ್ನು ಹಲ್ಲಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು. ಯಾರು, ಯಾವ ಊರು ಅನ್ನುವುದು ಬೇಡ. ಬಿಪಿ, ಶುಗರ್ ಇದೆಯಾ ಅಂತ ಕೇಳಿದರು. ಆ ಹಲ್ಲನ್ನು ಅಲುಗಾಡಿಸಿ ನೋಡಿದರು. ಎಕ್ಸ್‌ರೇ ತೆಗೆದರು. "ಎರಡು ಹಲ್ಲು ತೆಗೆಯಬೇಕು, ಆಮೇಲೆ ಸೆಟ್ ಹಾಕೋಣ" ಅಂದರು. ಮುಂದಿನ ವಾರಕ್ಕೆ ಬರಲು ಹೇಳಿದರು. ಜೊತೆಗೆ ಬಂದಿದ್ದ ನನ್ನ ಗಂಡನ ಹಲ್ಲಿನ ಕಲೆ ನೋಡಿ "ಗುಟ್ಕಾ ಬಿಡ್ರೀ, ಕ್ಯಾನ್ಸರ್ ಆಗ್ತದ" ಅಂತ ಚೆನ್ನಾಗಿ ಬೈದರು. ಕುರ್ಚಿಯಲ್ಲಿ ಕೂತವರನ್ನು ಮಾತ್ರ ತಂಬಾಕಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ! ಅತ್ತೆಯೂ ಮಗನ ಮುಂದೆ ತುಟಿ ಬಿಚ್ಚಲಿಲ್ಲ.

ಹಿಂದೊಮ್ಮೆ ನನ್ನ ತಮ್ಮನ ಜೊತೆ ಬೆಳಗಾವಿಯ ಡೆಂಟಲ್ ಕಾಲೇಜಿಗೆ ಹೋಗಿದ್ದೆ. ಅವನು ಹೋದದ್ದು ಸುಮ್ನೆ ಹಲ್ಲು ಕ್ಲೀನ್ ಮಾಡಿಸಲು. ಅಲ್ಲಿ ಓದುತ್ತಿರುವ ಒಬ್ಬ ಹುಡುಗಿ ದೊಡ್ಡ ಹಾಳೆ ಹಿಡಿದು ಅಡಿಕೆ, ಎಲೆ, ಸಿಗರೇಟು, ದಾರು ಎಲ್ಲಾ ಕೇಳಿ ಬರೆದುಕೊಂಡಳು. ಕೆನ್ನೆ ಎಳೆದು ಒಳಗೆ ನೋಡಿದಳು. ಗಾಜ್ ಬಟ್ಟೆಯಲ್ಲಿ ನಾಲಿಗೆ ಹಿಡಿದು ಈ ಕಡೆ ಆ ಕಡೆ ಎಳೆದಳು. ಕುತ್ತಿಗೆ ಒತ್ತಿ ನೋಡಿದಳು. ಅವನದೇ ಮೂರು ಬೆರಳು ಅವನದೇ ಬಾಯಲ್ಲಿ ಹಾಕಿಸಿದಳು. ಹೊರಗೆ ಬಂದು ನನ್ನ ತಮ್ಮ "ಹಲ್ಲು ತೊಳಸಾಕ ಬಂದ್ರ ಕುತ್ತಿಗಿ ಯಾಕ ಹಿಚಕ್ತಾರ?" ಅಂತ ಗೊಣಗಿದ್ದೇ ಗೊಣಗಿದ್ದು.

ಒಂದು ಕಡೆ ಇಷ್ಟು, ಇನ್ನೊಂದು ಕಡೆ ಏನೂ ಇಲ್ಲ. ಇದು ಎಲ್ಲಾ ಹಲ್ಲಿನ ಡಾಕ್ಟರೂ ಮಾಡಲೇಬೇಕಾದ್ದಾ, ಅಥವಾ ಕಾಲೇಜಿನಲ್ಲಿ ಹುಡುಗರು ಕಲಿಯಲಿ ಅಂತ ಮಾಡುವುದಾ? ನಾವಾಗಿ ಕೇಳಿದರೆ ಡಾಕ್ಟರಿಗೆ ಅವಮಾನ ಆಗುತ್ತಾ? ಬೇರೆ ಫೀ ತಗೊಳ್ಳುತ್ತಾರಾ?

ಕೇಳುವುದಕ್ಕೆ ಕಾರಣ ಇದೆ. ಮನೆಗೆ ಬಂದು ಮೊಬೈಲ್ ಟಾರ್ಚ್ ಹಾಕಿ ನಾನೇ ಅತ್ತೆಯ ಬಾಯಿ ನೋಡಿದೆ. ಆ ಅಲುಗಾಡುವ ಹಲ್ಲಿನ ಹತ್ತಿರವೇ, ವಸಡು ಮತ್ತು ಕೆನ್ನೆಯ ಸಂದಿಯಲ್ಲಿ, ಹೆಬ್ಬೆರಳಿನ ಉಗುರಿನಷ್ಟು ಜಾಗ ಬೆಳ್ಳಗಿದೆ. ಬೇಸಿಗೆಯಲ್ಲಿ ಬಿರಿದ ಎರೆ ಹೊಲದ ಹಾಗೆ ಸಣ್ಣ ಗೆರೆ ಗೆರೆ. ಬೆರಳಿನಿಂದ ಒರೆಸಿದರೆ ಹೋಗಲಿಲ್ಲ. ನೋವಿಲ್ಲ ಅನ್ನುತ್ತಾರೆ.

ಇನ್ನೊಂದು ಮಾತು. ನಮ್ಮೂರಿನಲ್ಲಿ ತಂಬಾಕಿನ ವಿರುದ್ಧ ಮಾತಾಡುವುದು ಕಷ್ಟ. ಎಷ್ಟೋ ಮನೆಗಳ ಅನ್ನ ಅದರಿಂದಲೇ. 1981ರಲ್ಲಿ ತಂಬಾಕಿಗೆ ಬೆಲೆ ಕೇಳಿ ರೈತರು ಪುಣೆ-ಬೆಂಗಳೂರು ಹೆದ್ದಾರಿಗೆ ಅಡ್ಡ ಕೂತ ಊರು ಇದು. ಅತ್ತೆ ಆ ಕಥೆಯನ್ನು ಇವತ್ತಿಗೂ ಹೇಳುತ್ತಾರೆ, ಬೆರಳಲ್ಲಿ ಮಿಶ್ರಿ ಇಟ್ಟುಕೊಂಡೇ.


ಗೋಳಗುಮ್ಮಟ_ಗೆಳೆಯ:

ಅಕ್ಕಾರ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಅಜ್ಜ ಎಂಬತ್ತರ ಮೇಲೂ ಎಲೆ, ಅಡಿಕೆ, ಸುಣ್ಣ, ತಂಬಾಕು ಹಾಕುತ್ತಿದ್ದರು. ಏನೂ ಆಗಲಿಲ್ಲ. ಈಗಿನ ಡಾಕ್ಟರುಗಳು ಹಲ್ಲು ನೋವು ಅಂದರೆ ಹತ್ತು ಟೆಸ್ಟ್ ಬರೆಯುತ್ತಾರೆ. ನೀವೇ ಹೋಗಿ "ಪೂರ್ತಿ ನೋಡಿ" ಅಂದರೆ ಮುಗೀತು ಕಥೆ, ಬಿಲ್ಲೂ ಪೂರ್ತಿ ಆಗುತ್ತೆ.


ಬಾಗಲಕೋಟೆ_ಹಲ್ಲಿನ_ಡಾಕ್ಟರ್:

ನಿಪ್ಪಾಣಿಯ ಅಕ್ಕಾವ್ರೇ, ಮೊದಲು ಮುಂದಿನ ವಾರದ ಹಲ್ಲು ಕೀಳಿಸುವ ಕೆಲಸ ತಡೆಯಿರಿ. ಕೀಳಿಸಲೇಬೇಡಿ ಅನ್ನುತ್ತಿಲ್ಲ. ಆ ಬಿಳಿ ಜಾಗವನ್ನು ಗೊತ್ತಿದ್ದವರು ಒಬ್ಬರು ಸರಿಯಾಗಿ ನೋಡಲಿ, ಆಮೇಲೆ ಕೀಳಿಸಿ.

ಗಾಬರಿ ಬೇಡ. ಈ ವಯಸ್ಸಿನಲ್ಲಿ ಹಲ್ಲು ಅಲುಗಾಡುವುದು ಹೆಚ್ಚಾಗಿ ವಸಡಿನ ಕಾಯಿಲೆಯಿಂದಲೇ. ಆದರೆ ಕೆಲವೊಮ್ಮೆ ಪಕ್ಕದಲ್ಲಿ ಬೆಳೆಯುತ್ತಿರುವ ಗಡ್ಡೆ ಕೆಳಗಿನ ಎಲುಬನ್ನು ತಿಂದು ಹಲ್ಲನ್ನು ಸಡಿಲ ಮಾಡಿರುತ್ತದೆ. ಅದನ್ನು ನೋಡದೆ ಹಲ್ಲು ಕಿತ್ತರೆ ಆ ಗುಂಡಿ ಮಾಯುವುದಿಲ್ಲ. ವಾರ ಕಳೆದಂತೆ ಒಳಗಿನಿಂದ ಮಾಂಸ ಉಬ್ಬಿ ಬರುತ್ತದೆ. ಆಗ ಮನೆಯವರು ಏನು ಹೇಳುತ್ತಾರೆ ಗೊತ್ತಾ? "ಹಲ್ಲು ಕೀಳಿಸಿದ್ದಕ್ಕೇ ಕ್ಯಾನ್ಸರ್ ಆಯಿತು." ಕಾಯಿಲೆ ಮೊದಲೇ ಇತ್ತು, ನೋಡಿದವರಿಲ್ಲ, ಅಷ್ಟೇ. ಈ ಮಾತು ಹಬ್ಬಿ ಹಬ್ಬಿ ನಮ್ಮ ಹಳ್ಳಿಗಳಲ್ಲಿ ಹಲ್ಲು ಕೀಳಿಸಲು ಹೆದರುವವರು ಇವತ್ತಿಗೂ ಇದ್ದಾರೆ.

ನಿಮ್ಮ ಪ್ರಶ್ನೆಗೆ ಉತ್ತರ: ಹೌದು, ಮಾಡಲೇಬೇಕಾದ್ದು. ಕಾಲೇಜಿನ ಆಟವಲ್ಲ. ಆ ಹುಡುಗಿ ಮಾಡಿದ್ದನ್ನೇ ನಾವೆಲ್ಲ ಓದುವಾಗ ಮಾಡಿದ್ದೇವೆ. ಡೆಂಟಲ್ ಕಾಲೇಜಿಗೆ ಹೊಸ ಪೇಷಂಟ್ ಬಂದರೆ ಮೊದಲು ಓರಲ್ ಮೆಡಿಸಿನ್ ಅಂದರೆ ಬಾಯಿಯ ಕಾಯಿಲೆ ಗುರುತಿಸುವ ವಿಭಾಗದಲ್ಲಿ ಕೂರಿಸುತ್ತಾರೆ. ಅಲ್ಲಿ ಪೂರ್ತಿ ಬಾಯಿ ನೋಡಿ, ಬರೆದು, ಆಮೇಲೆ ಕ್ಲೀನಿಂಗ್‌ಗೋ ಕೀಳಲಿಕ್ಕೋ ಕಳಿಸುತ್ತಾರೆ. ಸ್ವಂತ ಕ್ಲಿನಿಕ್ ಹಾಕಿದ ಮೇಲೆ ಹಲವರಿಗೆ ಈ ರೂಢಿ ಸವೆದು ಹೋಗುತ್ತದೆ. ಹೊರಗೆ ಜನ ಕಾಯುತ್ತಿರುತ್ತಾರೆ. ರೂಟ್ ಕೆನಾಲಿಗೆ ಬಿಲ್ ಇದೆ, ಕ್ಯಾಪಿಗೆ ಬಿಲ್ ಇದೆ, ನಾಲಿಗೆ ಎತ್ತಿ ನೋಡಿದ್ದಕ್ಕೆ ಬಿಲ್ ಇಲ್ಲ. ಇನ್ನೊಂದು ನಿಜವನ್ನೂ ಹೇಳಿಬಿಡುತ್ತೇನೆ. "ಇಲ್ಲೊಂದು ಮಚ್ಚೆ ಇದೆ, ಪರೀಕ್ಷೆ ಮಾಡಿಸಿ" ಅಂದರೆ ಅರ್ಧ ಜನ ಹೆದರಿ ಮತ್ತೆ ಆ ಕ್ಲಿನಿಕ್ ಮೆಟ್ಟಿಲು ಹತ್ತುವುದಿಲ್ಲ. ಹಾಗಂತ ಸುಮ್ಮನಿರುವ ಡಾಕ್ಟರುಗಳೂ ಇದ್ದಾರೆ. ನನ್ನ ಪ್ರಕಾರ ಅದು ನೆಪ.

ಪೂರ್ತಿ ನೋಡುವುದು ಅಂದರೆ ದೊಡ್ಡ ಮಷೀನು ಬೇಡ. ಬೆಳಕು, ಎರಡು ಕನ್ನಡಿ, ಒಂದು ತುಂಡು ಗಾಜ್, ಕೈಗವಸು. ಸೆಟ್ ಹಾಕಿಕೊಂಡವರಾದರೆ ಸೆಟ್ ತೆಗೆಸಬೇಕು. ಮೊದಲು ತುಟಿಯ ಒಳಬದಿ. ಆಮೇಲೆ ಎರಡೂ ಕೆನ್ನೆ, ತುಟಿಯ ಮೂಲೆಯಿಂದ ಹಿಂದಿನ ಕೊನೆಯವರೆಗೆ. ಆಮೇಲೆ ಕೆಳವಸಡು ಮತ್ತು ಕೆನ್ನೆಯ ಸಂದು. ನಮ್ಮ ಕಡೆ ಜನ ತಂಬಾಕು ಇಟ್ಟುಕೊಳ್ಳುವುದು ಅಲ್ಲೇ, ಕಾಯಿಲೆ ಜಾಸ್ತಿ ಕಾಣುವುದೂ ಅಲ್ಲೇ. ನಿಮ್ಮ ಅತ್ತೆಯ ಬಿಳಿ ಜಾಗವೂ ಅಲ್ಲೇ ಇದೆ ಅನ್ನುವುದನ್ನು ಗಮನಿಸಿ. ಆಮೇಲೆ ನಾಲಿಗೆಯನ್ನು ಹೊರಗೆಳೆದು ಎರಡೂ ಅಂಚು, ನಾಲಿಗೆ ಮೇಲೆತ್ತಿಸಿ ಅದರ ಬುಡ, ಅಂಗುಳ. ಕೊನೆಗೆ ದವಡೆಯ ಕೆಳಗೆ, ಕುತ್ತಿಗೆಯಲ್ಲಿ ಗಂಟು ಇದೆಯಾ ಅಂತ ಕೈಯಲ್ಲಿ ನೋಡುವುದು. ನಿಮ್ಮ ತಮ್ಮನ ಕುತ್ತಿಗೆ "ಹಿಚುಕಿದ್ದು" ಇದಕ್ಕೇ. ಎಲ್ಲಾ ಸೇರಿ ಕೆಲವೇ ನಿಮಿಷದ ಕೆಲಸ.

ಆ ಮೂರು ಬೆರಳಿನ ವಿಷಯ. ಬಾಯಿ ಪೂರ್ತಿ ತೆರೆದಾಗ ಮುಂದಿನ ಹಲ್ಲುಗಳ ನಡುವೆ ಅವರದೇ ಮೂರು ಬೆರಳು ಒಂದರ ಮೇಲೊಂದು ಹೋಗಬೇಕು. ಹೋಗದಿದ್ದರೆ ಕಾರಣ ಹುಡುಕಬೇಕು. ನಮ್ಮ ಜಿಲ್ಲೆಯಲ್ಲಿ ಅದಕ್ಕೆ ದೊಡ್ಡ ಕಾರಣ ಅಡಿಕೆ. ಕೆನ್ನೆಯ ಒಳಗಿನ ಪದರ ಗಟ್ಟಿಯಾಗಿ ನಾರಿನ ಪಟ್ಟಿಗಳಾಗುತ್ತವೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತಾರೆ. ಇಪ್ಪತ್ತರ ಆಸುಪಾಸಿನ ಹುಡುಗರು ಬರುತ್ತಾರೆ. "ಡಾಕ್ಟ್ರೇ, ಬಾಯಿ ಹುಣ್ಣಾಗಿದೆ, ರೊಟ್ಟಿ ಜೊತೆ ಕೆಂಪು ಚಟ್ನಿ ತಿನ್ನಕ್ಕೇ ಆಗ್ತಿಲ್ಲ" ಅನ್ನುತ್ತಾರೆ. ನೋಡಿದರೆ ಹುಣ್ಣೇ ಇರುವುದಿಲ್ಲ. ಕೆನ್ನೆ ಬಿಳಿಚಿಕೊಂಡಿರುತ್ತದೆ, ಬೆರಳಿಟ್ಟರೆ ಹಗ್ಗದಂತೆ ಬಿಗಿ ಸಿಗುತ್ತದೆ. ಮಿರ್ಚಿ ಭಜಿಯನ್ನು ಚಪ್ಪಟೆ ಮಾಡಿ ಬಾಯಿಗೆ ತುರುಕಬೇಕು, ಅಷ್ಟೇ ತೆರೆಯುವುದು. ಖಾರ ತಡೆಯದಿರುವುದು ಇದರ ಮೊದಲ ಗುರುತು. ಒಮ್ಮೆ ಬಿಗಿದ ಬಾಯಿ ಮೊದಲಿನಂತೆ ಆಗುವುದು ಕಷ್ಟ, ಮುಂದೆ ಇವರಲ್ಲಿ ಕೆಲವರಿಗೆ ಕ್ಯಾನ್ಸರ್ ಕೂಡ ಆಗುತ್ತದೆ. "ತಂಬಾಕು ಇಲ್ಲ ಸರ್, ಬರೀ ಅಡಿಕೆ" ಅನ್ನುವವರಿಗೆ: ಅಡಿಕೆ ತಾನೊಂದೇ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆಗಿದ್ದು 2013ರಲ್ಲಿ. ಈಗ ಪಾನ್ ಮಸಾಲಾ ಒಂದು ಚೀಟು, ತಂಬಾಕು ಇನ್ನೊಂದು ಚೀಟು. ಅಂಗಡಿ ಮುಂದೆ ನಿಂತು ಎರಡನ್ನೂ ಕೂಡಿಸಿ ಬಾಯಿಗೆ ಹಾಕಿಕೊಳ್ಳುತ್ತಾರೆ. ನಿಷೇಧ ಯಾರಿಗಾಯಿತೋ ನೀವೇ ಹೇಳಿ.

ಗೋಳಗುಮ್ಮಟದ ಸರ್, ನಿಮ್ಮ ಅಜ್ಜನಿಗೆ ಏನೂ ಆಗದ್ದು ಸಂತೋಷ. ತಂಬಾಕು ಹಾಕುವ ಎಲ್ಲರಿಗೂ ಕ್ಯಾನ್ಸರ್ ಆಗುವುದಿಲ್ಲ, ನಿಜ. ಯಾರಿಗೆ ಆಗುತ್ತದೆ ಅಂತ ಮುಂಚೆ ಹೇಳಲು ಆಗುವುದಿಲ್ಲವಲ್ಲ, ಅದಕ್ಕೇ ನೋಡುವುದು. ಇದು ಬಾಯಿಮಾತಲ್ಲ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಶುರು ಮಾಡಿ, ಸುಮಾರು ಎರಡು ಲಕ್ಷ ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರ ಮನೆಗೆ ತರಬೇತಿ ಪಡೆದ ಕಾರ್ಯಕರ್ತರು ಹೋಗಿ ಬಾಯಿ ನೋಡಿದರು. ಡಾಕ್ಟರುಗಳೂ ಅಲ್ಲ, ಟೆಸ್ಟೂ ಅಲ್ಲ, ಬರೀ ಕಣ್ಣಿನಿಂದ. 2005ರಲ್ಲಿ ಬಂದ ಫಲಿತಾಂಶದ ಪ್ರಕಾರ ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ, ಬಾಯಿ ನೋಡದ ಗುಂಪಿಗಿಂತ ನೋಡಿದ ಗುಂಪಿನಲ್ಲಿ ಬಾಯಿ ಕ್ಯಾನ್ಸರಿನ ಸಾವು 34% ಕಡಿಮೆ ಇತ್ತು. ಅಭ್ಯಾಸವೇ ಇಲ್ಲದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳಬೇಕು. ಆದ್ದರಿಂದ ಯಾವ ಚಟವೂ ಇಲ್ಲದವರು ಇದಕ್ಕಾಗಿ ನಿದ್ದೆಗೆಡಬೇಕಿಲ್ಲ. ಹೇಗೂ ಹಲ್ಲು ತೋರಿಸಲು ಬಂದಾಗ ನೋಡಿಸಿಕೊಂಡರೆ ಸಾಕು.

ಇನ್ನು ಕೇಳುವುದು ಹೇಗೆ. "ಅತ್ತೆ ತುಂಬಾ ವರ್ಷದಿಂದ ಮಿಶ್ರಿ ಹಚ್ಚುತ್ತಾರೆ, ಇಲ್ಲೊಂದು ಬಿಳಿ ಜಾಗ ಇದೆ, ಸ್ವಲ್ಪ ನೋಡಿ" ಅನ್ನಿ. ಇಷ್ಟಕ್ಕೆ ಮುಖ ಸಿಂಡರಿಸುವ ಡಾಕ್ಟರ್ ಹತ್ತಿರ ಸೆಟ್ಟೂ ಹಾಕಿಸಬೇಡಿ. ಬೇರೆ ಫೀ ಯಾರೂ ತಗೊಳ್ಳಬಾರದು, ಅದು ತಪಾಸಣೆಯ ಭಾಗವೇ. ಹೆಂಗಸರನ್ನು ತಂಬಾಕಿನ ಬಗ್ಗೆ ಕೇಳದಿರುವುದು ನಮ್ಮ ವೃತ್ತಿಯವರ ದೊಡ್ಡ ಕುಂದು. ಗಂಡಸಿನ ಕೆಂಪು ಹಲ್ಲು ಕಣ್ಣಿಗೆ ಹೊಡೆಯುತ್ತದೆ, ಸೆರಗಿನ ಗಂಟಿನಲ್ಲಿರುವ ಡಬ್ಬಿ ಕಾಣುವುದಿಲ್ಲ. ಮಗನನ್ನು ಹೊರಗೆ ಕೂರಿಸಿ, ನೀವು ಜೊತೆಗಿರಿ.

ಬಿಳಿ ಮಚ್ಚೆ ಎಲ್ಲಾ ಕ್ಯಾನ್ಸರ್ ಅಲ್ಲ. ತಂಬಾಕು ಇಡುವ ಜಾಗದ ಚರ್ಮ ದಪ್ಪವಾಗಿ ಬೆಳ್ಳಗಾಗುತ್ತದೆ. ಬಿಟ್ಟ ಮೇಲೆ ಕೆಲವು ವಾರಗಳಲ್ಲಿ ತಾನೇ ಹೋಗುವುದೂ ಉಂಟು. ಬಿಳಿಯ ನಡುವೆ ಕೆಂಪು ಕಂಡರೆ, ಮುಟ್ಟಿದಾಗ ಬುಡ ಗಟ್ಟಿಯಾಗಿದ್ದರೆ, ಎರಡು ವಾರವಾದರೂ ಮಾಯದ ಹುಣ್ಣಿದ್ದರೆ ತಡ ಮಾಡಬಾರದು. ಚೂಪು ಹಲ್ಲು ತಾಗಿ ಆದ ಹುಣ್ಣಾದರೆ, ಹಲ್ಲನ್ನು ಉಜ್ಜಿ ನುಣ್ಣಗೆ ಮಾಡಿ ಎರಡು ವಾರ ನೋಡುತ್ತೇವೆ. ಆಗಲೂ ಮಾಯದಿದ್ದರೆ ತುಂಡು ತೆಗೆದು ಪರೀಕ್ಷೆಗೆ ಕಳಿಸುತ್ತೇವೆ. ಫೋಟೋ ನೋಡಿ ಖಾತ್ರಿ ಹೇಳುವವರನ್ನು ನಂಬಬೇಡಿ. ಅದಕ್ಕೇ ನಾನು ಫೋಟೋ ಕೇಳಲಿಲ್ಲ.


ಲಾರಿ_ಮಾಲಕ_ವಿಜಯಪುರ:

ಡಾಕ್ಟರ್ ಹೇಳಿದ ತುಂಡು ತೆಗೆಯುವ ಪರೀಕ್ಷೆ, ಬಯಾಪ್ಸಿ, ನನಗೆ ಆಗಿದೆ. ಹುಳುಕು ಹಲ್ಲು ತುಂಬಿಸಲು ಹೋಗಿದ್ದೆ, ಎಡಗೆನ್ನೆಯಲ್ಲಿ ಮಚ್ಚೆ ಇದೆ ಅಂದರು. ಚಾಕು ತಾಗಿಸಿದರೆ ಕಾಯಿಲೆ ಊರೆಲ್ಲ ಹರಡುತ್ತೆ ಅಂತ ನಮ್ಮ ಡ್ರೈವರ್‌ಗಳು ತಲೆ ತಿಂದರು. ಡಾಕ್ಟರ್ ಅದು ಸುಳ್ಳು ಅಂದರು. ಮರಗಟ್ಟಲು ಸೂಜಿ ಚುಚ್ಚಿದ್ದು ನೋವಾಯಿತು, ಆಮೇಲೆ ಏನೂ ಗೊತ್ತಾಗಲಿಲ್ಲ. ಒಂದೆರಡು ಹೊಲಿಗೆ. ರಿಪೋರ್ಟ್ ಬರುವವರೆಗೆ ಊಟ ರುಚಿಸಲಿಲ್ಲ, ಅದೇ ದೊಡ್ಡ ನೋವು. ಕ್ಯಾನ್ಸರ್ ಅಲ್ಲ, ಆದರೆ ಮುಂದೆ ತಿರುಗಬಹುದು ಅಂತ ಬಂತು. ಮಚ್ಚೆಯನ್ನು ತೆಗೆದರು. ಈಗಲೂ ಆಗಾಗ ತೋರಿಸಲು ಕರೆಯುತ್ತಾರೆ, ಹೋಗುತ್ತೇನೆ.

ಮಾವಾ (ಅಡಿಕೆ, ತಂಬಾಕು, ಸುಣ್ಣ ಕೂಡಿಸಿ ತಿಕ್ಕಿದ್ದು) ಬಿಡುವುದು ಬಯಾಪ್ಸಿಗಿಂತ ಕಷ್ಟ ಆಯಿತು. ರಾತ್ರಿ ಸೋಲಾಪುರ ರಸ್ತೆಯಲ್ಲಿ ಗಾಡಿ ಹೊಡೆಯುವಾಗ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು. ತಂಬಾಕಿನ ಪೊಟ್ಟಣದ ಮೇಲೆ 1800-11-2356 ಅಂತ ನಂಬರ್ ಇರುತ್ತದೆ, ಅದಕ್ಕೆ ಫೋನ್ ಮಾಡಿದೆ. ಬೆಂಗಳೂರಿನ ನಿಮ್ಹಾನ್ಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಬೈಯುವುದಿಲ್ಲ. ಅದು ನನಗೆ ಹಿಡಿಸಿತು.


ಹುಕ್ಕೇರಿ_ಆಶಾ:

ನಾನು ಆಶಾ ಕಾರ್ಯಕರ್ತೆ. ಮೂವತ್ತು ದಾಟಿದವರ ಮನೆಗೆ ಹೋಗಿ ಫಾರಂ ತುಂಬುತ್ತೇವೆ. ಬಿಪಿ, ಶುಗರ್ ಜೊತೆಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯೂ ಆ ಕಾರ್ಯಕ್ರಮದಲ್ಲಿದೆ. ಬಾಯಿ ತಪಾಸಣೆ ಐದು ವರ್ಷಕ್ಕೊಮ್ಮೆ. ಬಾಯಿ ತೆರೆಯಲು ಕಷ್ಟವೇ, ಎರಡು ವಾರಕ್ಕಿಂತ ಜಾಸ್ತಿ ಇರುವ ಹುಣ್ಣು ಇದೆಯೇ, ದನಿ ಬದಲಾಗಿದೆಯೇ ಅಂತ ಕೇಳುತ್ತೇವೆ. ಅನುಮಾನ ಬಂದರೆ ಆರೋಗ್ಯ ಕೇಂದ್ರಕ್ಕೆ ಕಳಿಸುತ್ತೇವೆ.

ಡಾಕ್ಟರ್ ಹೆಂಗಸರ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ. ಫಾರಂ ನೋಡಿಕೊಂಡು "ಗುಟ್ಕಾ, ತಂಬಾಕು ತಿಂತೀರಾ?" ಅಂದರೆ ಅಜ್ಜಿಯಂದಿರೆಲ್ಲ "ಛೇ, ನಾವ್ಯಾಕ ತಿನ್ನೋಣ!" ಅನ್ನುತ್ತಾರೆ. ಅದಕ್ಕೇ ನಾನು "ಅಮ್ಮಾ, ಮಿಶ್ರಿ ಮನ್ಯಾಗ ಹುರೀತೀರೋ, ಅಂಗಡಿದು ತರ್ತೀರೋ?" ಅಂತಲೇ ಶುರು ಮಾಡುತ್ತೇನೆ. ಆಗ ಡಬ್ಬಿಯೇ ಹೊರಗೆ ಬರುತ್ತದೆ. ಒಬ್ಬರು ನನಗೂ ಹಚ್ಚಲು ಬಂದಿದ್ದರು!

ಖರ್ಚಿನ ಚಿಂತೆ ಇದ್ದರೆ: ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಕ್ಯಾನ್ಸರ್ ಚಿಕಿತ್ಸೆಯೂ ಅದರಲ್ಲಿ ಬರುತ್ತದೆ. ಕಾರ್ಡ್, ಆಧಾರ್ ಎರಡೂ ಜೊತೆಗಿಟ್ಟುಕೊಳ್ಳಿ. ಸರ್ಕಾರಿ ಆಸ್ಪತ್ರೆಯ ಚೀಟಿ ಬೇಕಾದರೆ ನಿಮ್ಮ ಏರಿಯಾದ ಆಶಾ ಅಕ್ಕನನ್ನೇ ಕೇಳಿ.


ಗೋಳಗುಮ್ಮಟ_ಗೆಳೆಯ:

ಸರಿ ಡಾಕ್ಟ್ರೇ, ಬಿಲ್ಲಿನ ಮಾತು ವಾಪಸ್ ತಗೊಂಡೆ. ಒಂದು ಕೇಳಲಾ? ನಮ್ಮ ಅಪ್ಪನಿಗೆ ಒಂದೂ ಹಲ್ಲಿಲ್ಲ. ಸೆಟ್ಟೂ ಹಾಕುವುದಿಲ್ಲ. ಅವರು ಹಲ್ಲಿನ ಡಾಕ್ಟರ್ ಹತ್ತಿರ ಯಾಕೆ ಬರಬೇಕು?


ಬಾಗಲಕೋಟೆ_ಹಲ್ಲಿನ_ಡಾಕ್ಟರ್:

ಒಳ್ಳೇ ಪ್ರಶ್ನೆ. ನಾನೇ ಬರೆಯಬೇಕಿತ್ತು. ಹಲ್ಲೆಲ್ಲ ಹೋದವರು ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ವಯಸ್ಸು ಜಾಸ್ತಿ, ತಂಬಾಕು ಹಾಕಿದ ವರ್ಷಗಳೂ ಜಾಸ್ತಿ, ನೋಡುವವರು ಯಾರೂ ಇಲ್ಲ. ಹಲ್ಲು ಹೋದರೂ ಕೆನ್ನೆ, ನಾಲಿಗೆ, ವಸಡು ಅಲ್ಲೇ ಇರುತ್ತವಲ್ಲ. ಅಪ್ಪನವರು ತಂಬಾಕು ಹಾಕುತ್ತಿದ್ದರೆ ವರ್ಷಕ್ಕೊಮ್ಮೆಯಾದರೂ ಕರೆತನ್ನಿ. ವಿಜಯಪುರದಲ್ಲೇ ಅಲ್-ಅಮೀನ್ ಡೆಂಟಲ್ ಕಾಲೇಜು ಇದೆ. ನಮ್ಮ ಬಾಗಲಕೋಟೆಯಲ್ಲಿ ಪಿಎಂಎನ್‌ಎಂ ಡೆಂಟಲ್ ಕಾಲೇಜು ಇದೆ. ನಿಪ್ಪಾಣಿಯವರಿಗೆ ಬೆಳಗಾವಿಯ ಕೆಎಲ್‌ಇ ಹತ್ತಿರ.


ನಿಪ್ಪಾಣಿ_ಸೊಸೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಲ್ಲು ಕೀಳಿಸುವುದನ್ನು ಸದ್ಯ ಮುಂದೂಡಿದ್ದೇವೆ. ಸೋಮವಾರ ಬೆಳಗಾವಿಗೆ ಹೊರಟಿದ್ದೇವೆ. ಗಂಡನನ್ನು ಹೊರಗೆ ಕೂರಿಸುವ ಐಡಿಯಾ ಅತ್ತೆಗೆ ಬಹಳ ಹಿಡಿಸಿತು. "ಅವನ ಬಾಯೂ ನೋಡ್ರಿ ಅಂತ ಹೇಳ" ಅಂದಿದ್ದಾರೆ. ಇಬ್ಬರದೂ ಚೀಟಿ ಮಾಡಿಸುತ್ತೇನೆ.

ಡಾಕ್ಟ್ರೇ, ಅಲ್ಲಿಯವರೆಗೆ ಮಿಶ್ರಿ ಬಿಡಿಸಬೇಕಾ? ಅವತ್ತು ಉಪವಾಸ ಹೋಗಬೇಕಾ? ಅವರಿಗೆ ಬಿಪಿ ಮಾತ್ರೆ ಇದೆ.


ಬಾಗಲಕೋಟೆ_ಹಲ್ಲಿನ_ಡಾಕ್ಟರ್:

ಉಪವಾಸ ಬೇಡ, ತಿಂಡಿ ತಿಂದೇ ಹೊರಡಿ. ಬಿಪಿ ಮಾತ್ರೆ ಎಂದಿನಂತೆ ತಗೊಳ್ಳಲಿ, ಮಾತ್ರೆಯ ಪಟ್ಟಿಯನ್ನೂ ಒಯ್ಯಿರಿ. ಕ್ಲಿನಿಕ್‌ನಲ್ಲಿ ತೆಗೆದ ಎಕ್ಸ್‌ರೇ ಮರೆಯಬೇಡಿ. ಮಿಶ್ರಿ ಇವತ್ತೇ ಬಿಟ್ಟರೆ ಒಳ್ಳೇದು. ಬಿಡಲು ಆಗದಿದ್ದರೆ ಅದಕ್ಕಾಗಿ ಹೋಗುವುದನ್ನು ಮುಂದೂಡಬೇಡಿ. ಅವತ್ತು ಬೆಳಗ್ಗೆ ಮಾತ್ರ ಹಚ್ಚದಿರಲಿ, ಪುಡಿ ಮೆತ್ತಿಕೊಂಡಿದ್ದರೆ ಕೆಳಗಿನದು ಕಾಣುವುದಿಲ್ಲ. ಸಂಡಾಸದ ವಿಷಯಕ್ಕೆ ಎದ್ದ ತಕ್ಷಣ ಎರಡು ಲೋಟ ಬಿಸಿನೀರು ಕುಡಿಸಿ ನೋಡಿ. ಬೇಗ ಹೋಗಿ, ಹತ್ತು ಗಂಟೆಯ ಮೇಲೆ ಚೀಟಿ ಮಾಡಿಸುವ ಸಾಲು ಉದ್ದ ಇರುತ್ತದೆ.